ಕೆಂಪು ಗೆರೆ ಬಿದ್ದ ಮನೆಗೆ ಟಿಡಿಆರ್ ಎಂಬ ಸರಕು: ಸಹಿ ಹಾಕುವ ಮುನ್ನ ಒಂದು ವಿಮರ್ಶೆ

ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದ ಒಂದು ಗೆರೆ, ಪಕ್ಕದಲ್ಲಿ ‘2.0 ಮೀ’ ಅಂತ ಅಂಕಿ. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣ ಮನೆಬಾಗಿಲಿಗೆ ಬರುವುದು ಹೆಚ್ಚಾಗಿ ಹೀಗೆ. ಗೆರೆ ಎಳೆದವರು ಸಂಜೆಯೊಳಗೆ ಹೊರಟುಹೋಗುತ್ತಾರೆ. ಕೆಲವು ದಿನ ಬಿಟ್ಟು ನೋಟಿಸು ಬರುತ್ತದೆ, ಅದರ ಜೊತೆಗೇ ಒಂದು ಮಾತೂ ಬರುತ್ತದೆ: ‘ಜಾಗ ಬಿಟ್ಟುಕೊಡಿ, ಟಿಡಿಆರ್ ಕೊಡ್ತೀವಿ.’ ಬೀದಿಯವರು ಸೇರಿ ವಿರೋಧಿಸುವುದೋ ಬೇಡವೋ ಎನ್ನುವ ಚರ್ಚೆ ಶುರುವಾಗುವುದು ಅಲ್ಲಿಂದ. ಆದರೆ ಎದುರಿಗೆ ಇಟ್ಟಿರುವ ಈ ಟಿಡಿಆರ್ ಎನ್ನುವುದು ಏನು, ಅದರ ತೂಕ ಎಷ್ಟು, ಎಲ್ಲಿ ಕೈಕೊಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಹತ್ತು ಸಾವಿರದ ಮಿಕ್ಸಿ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವವರು ಇಪ್ಪತ್ತು ಲಕ್ಷದ ಜಾಗವನ್ನು ಒಂದು ಹಾಳೆಗೆ ಕೊಡುವಾಗ ಅಷ್ಟೂ ವಿಚಾರಿಸುವುದಿಲ್ಲ. ಆದ್ದರಿಂದ ಇದನ್ನೂ ಒಂದು ಸರಕು ಅಂತಲೇ ನೋಡೋಣ.

ಡಬ್ಬಿಯೊಳಗೆ ಏನಿದೆ

ಟಿಡಿಆರ್ ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14-ಬಿ ಕಲಮು ಇದರ ತಾಯಿಬೇರು. ನೀವು ಜಾಗವನ್ನು ಹಣವಿಲ್ಲದೆ ಬಿಟ್ಟುಕೊಟ್ಟರೆ, ಬದಲಿಗೆ ಇಷ್ಟು ಚದರಡಿ ಹೆಚ್ಚುವರಿ ಕಟ್ಟಡ ಕಟ್ಟುವ ಹಕ್ಕು ಸಿಗುತ್ತದೆ. ಆ ಹಕ್ಕನ್ನು ಬರೆದುಕೊಟ್ಟ ಕಾಗದಕ್ಕೆ ಡಿಆರ್‌ಸಿ ಅನ್ನುತ್ತಾರೆ, ಅಂದರೆ ಅಭಿವೃದ್ಧಿ ಹಕ್ಕು ಪ್ರಮಾಣಪತ್ರ. ಅದನ್ನು ಉಳಿದ ನಿವೇಶನದಲ್ಲೇ ಬಳಸಬಹುದು, ನಿಮ್ಮ ಬೇರೆ ನಿವೇಶನದಲ್ಲಿ ಬಳಸಬಹುದು, ಇಲ್ಲವೇ ಬಿಲ್ಡರಿಗೆ ಮಾರಬಹುದು.

ಮೊದಲು ಬಿಟ್ಟ ಜಾಗದ ಒಂದೂವರೆ ಪಟ್ಟು ಕೊಡುತ್ತಿದ್ದರು. 2015ರ ತಿದ್ದುಪಡಿ ಮತ್ತು ಅದರ ಹಿಂದೆ ಬಂದ 2016ರ ನಿಯಮಗಳ ಮೇಲೆ ಅದು ಎರಡು ಪಟ್ಟಾಯಿತು. ಕೇಳಲು ಚೆನ್ನಾಗಿದೆ. ಕೂಡಿಸಿ ಕಳೆದು ನೋಡಿದರೆ ಮಾತ್ರ ನಿಜ ಗೊತ್ತಾಗುವುದು.

ಒಂದು 30×40 ನಿವೇಶನ ತೆಗೆದುಕೊಳ್ಳಿ. ಮುಂಭಾಗ 30 ಅಡಿ. ಎರಡು ಮೀಟರ್ ಅಂದರೆ ಸುಮಾರು ಆರೂವರೆ ಅಡಿ ಹೋಗುತ್ತದೆ: 195 ಚದರಡಿ. 1,200ರಲ್ಲಿ ಉಳಿಯುವುದು 1,005. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ ಇಂಥ ಸಣ್ಣ ವಸತಿ ನಿವೇಶನಕ್ಕೆ ಎಫ್‌ಎಆರ್ 1.75, ಅಂದರೆ ಎಲ್ಲ ಅಂತಸ್ತೂ ಸೇರಿ ನಿವೇಶನದ ವಿಸ್ತೀರ್ಣದ 1.75 ಪಟ್ಟು ಕಟ್ಟಬಹುದು. ಮೊದಲು 2,100 ಚದರಡಿ ಕಟ್ಟಬಹುದಿತ್ತು, ಈಗ 1,759. ಕಳೆದುಕೊಂಡದ್ದು 341 ಚದರಡಿಯಷ್ಟು ಕಟ್ಟುವ ಹಕ್ಕು. ಹಳೆಯ ಒಂದೂವರೆ ಪಟ್ಟಿನ ಲೆಕ್ಕದಲ್ಲಿ ಕೈಗೆ ಬರುತ್ತಿದ್ದುದು 292. ಅಂದರೆ ಜಾಗವೂ ಹೋಯಿತು, ಹಕ್ಕೂ ಪೂರ್ತಿ ವಾಪಸು ಬರಲಿಲ್ಲ. ಈಗಿನ ಎರಡು ಪಟ್ಟಿನಲ್ಲಿ 390 ಬರುತ್ತದೆ, 49 ಚದರಡಿ ಲಾಭ, ಕಾಗದದ ಮೇಲೆ. ಎಫ್‌ಎಆರ್ ಎರಡಕ್ಕಿಂತ ಹೆಚ್ಚಿರುವ ನಿವೇಶನವಾದರೆ ಎರಡು ಪಟ್ಟು ಕೊಟ್ಟರೂ ಕಳೆದುಕೊಂಡದ್ದು ತುಂಬುವುದಿಲ್ಲ. ಇದನ್ನು ನೋಟಿಸು ತಂದವರು ಯಾರೂ ಹೇಳುವುದಿಲ್ಲ.

ಆ 390 ಚದರಡಿಯನ್ನು ಕಟ್ಟುವುದಾದರೂ ಎಲ್ಲಿ? ಮುಂದೆ ಆರೂವರೆ ಅಡಿ ಹೋದ ಮೇಲೆ ಹೊಸ ರಸ್ತೆಯಂಚಿನಿಂದ ಮತ್ತೆ ಸೆಟ್‌ಬ್ಯಾಕ್ ಅಂತ ಖಾಲಿ ಜಾಗ ಬಿಡಬೇಕು. ಮೇಲಕ್ಕೆ ಎಬ್ಬಿಸೋಣ ಅಂದರೆ ಮೂವತ್ತು ವರ್ಷದ ಹಿಂದೆ ಎರಡು ಅಂತಸ್ತಿಗೆ ಅಂತ ಹಾಕಿದ ತಳಪಾಯ ಮೂರನೆಯದನ್ನು ಹೊರುವುದಿಲ್ಲ. ಹೀಗಾಗಿ ಹಕ್ಕು ಕನ್ನಡಿಯೊಳಗಿನ ಗಂಟು. ಉಳಿದ ದಾರಿ ಮಾರುವುದು.

ಮಾರಲು ಹೋದರೆ

ಡಿಆರ್‌ಸಿಗೆ ತರಕಾರಿ ಮಂಡಿಯ ಹಾಗೆ ದಿನದ ದರ ಇಲ್ಲ. ಕೊಳ್ಳುವವರು ಬಿಲ್ಡರುಗಳು, ಮಧ್ಯೆ ದಲ್ಲಾಳಿಗಳು. 195 ಅಡಿ, 300 ಅಡಿಯ ಚಿಲ್ಲರೆ ಪತ್ರ ಹತ್ತು ಕೂಡಿಸುವುದಕ್ಕಿಂತ ಒಂದು ಎಕರೆಯವನ ದೊಡ್ಡ ಪತ್ರ ಒಂದನ್ನು ಕೊಳ್ಳುವುದು ಬಿಲ್ಡರಿಗೆ ಸುಲಭ: ಒಂದೇ ದಾಖಲೆ ಪರಿಶೀಲನೆ, ಒಂದೇ ನೋಂದಣಿ. ಆದ್ದರಿಂದ ಸಣ್ಣ ಪತ್ರದವರು ಬೆಲೆ ಇಳಿಸಿಯೇ ಕೊಡಬೇಕಾಗುತ್ತದೆ. ಅದರ ಮೇಲೆ ಸರ್ಕಾರವೇ ಪ್ರೀಮಿಯಂ ಎಫ್‌ಎಆರ್ ಎಂದು ಹೆಚ್ಚುವರಿ ಕಟ್ಟುವ ಹಕ್ಕನ್ನು ಶುಲ್ಕಕ್ಕೆ ನೇರವಾಗಿ ಮಾರುವ ದಾರಿ ತೆರೆದಿದೆ. ಒಂದು ಕೈಯಲ್ಲಿ ನಿಮಗೆ ಪತ್ರ ಕೊಟ್ಟು, ಇನ್ನೊಂದು ಕೈಯಲ್ಲಿ ಅದೇ ಸರಕನ್ನು ಎದುರು ಅಂಗಡಿಯಲ್ಲಿ ಮಾರಿದ ಹಾಗೆ.

ಇನ್ನೊಂದು ಸೂಕ್ಷ್ಮ. 2016ರ ನಿಯಮಗಳ ಪ್ರಕಾರ ಪತ್ರ ಎಲ್ಲಿಂದ ಹುಟ್ಟಿತು, ಎಲ್ಲಿ ಬಳಕೆಯಾಗುತ್ತದೆ ಎನ್ನುವುದರ ಮೇಲೆ ಅದರ ಅಳತೆ ಬದಲಾಗುತ್ತದೆ. ಎರಡೂ ಜಾಗಗಳ ಮಾರ್ಗಸೂಚಿ ದರದ (ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿದ ದರ) ಅನುಪಾತದಲ್ಲಿ ಗುಣಿಸುತ್ತಾರೆ. ಉದಾಹರಣೆಗೆ, ನಿಮ್ಮ ಬೀದಿಯ ಮಾರ್ಗಸೂಚಿ ದರ ಚದರಡಿಗೆ 8,000, ಬಿಲ್ಡರ್ ಕಟ್ಟುತ್ತಿರುವ ಕಡೆ 16,000 ಎಂದಿಟ್ಟುಕೊಳ್ಳಿ: ನಿಮ್ಮ 390 ಅಲ್ಲಿ 195 ಆಗುತ್ತದೆ. ಅವನು 4,000ದ ಹೊರವಲಯದಲ್ಲಿ ಕಟ್ಟುತ್ತಿದ್ದರೆ 780 ಆಗುತ್ತದೆ. ದಲ್ಲಾಳಿ ‘ಅಡಿಗೆ ಇಷ್ಟು’ ಅಂದಾಗ ಕೇಳಬೇಕಾದ ಪ್ರಶ್ನೆ: ಯಾವ ಅಡಿಗೆ, ಹುಟ್ಟಿದ ಕಡೆಯದಕ್ಕೋ ಬಳಸುವ ಕಡೆಯದಕ್ಕೋ? ಈ ಒಂದು ಪ್ರಶ್ನೆ ಕೇಳದೆ ಅರ್ಧ ಬೆಲೆಗೆ ಮಾರಿಕೊಳ್ಳುವುದು ತುಂಬ ಸುಲಭ.

ಟಿಡಿಆರ್‌ಗೆ ಬೆಲೆಯೇ ಇಲ್ಲ ಎಂದೂ ಅಲ್ಲ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ ಅರಮನೆ ಮೈದಾನದ ಸುಮಾರು 15 ಎಕರೆ ಬೇಕಿತ್ತು. ಅದಕ್ಕೆ ಟಿಡಿಆರ್ ಕೊಡಿ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಲೆಕ್ಕ 3,000 ಕೋಟಿ ರೂಪಾಯಿ ಮೀರುತ್ತದೆ ಎಂದು ಕಂಡ ಮೇಲೆ ಸರ್ಕಾರ ಆ ಹೊರೆಯಿಂದ ತಪ್ಪಿಸಿಕೊಳ್ಳಲು ಹೊಸ ಕಾನೂನು ತರಲು ಹೊರಟಿತು. ಕೊಡುವವನಿಗೇ ಭಾರವಾಗುವಷ್ಟು ಬೆಲೆ ಈ ಸರಕಿಗೆ ಇದೆ, ಆದರೆ ಜಾಗ ಎಕರೆಗಳಲ್ಲಿದ್ದಾಗ.

ಪಕ್ಕದ ಅಂಗಡಿಯ ಸರಕು: 2013ರ ಭೂಸ್ವಾಧೀನ ಪರಿಹಾರ

ಟಿಡಿಆರ್ ಕಡ್ಡಾಯವಲ್ಲ. 14-ಬಿ ಮಾಲೀಕ ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ನಡೆಯುವ ವ್ಯವಹಾರ. ‘ಟಿಡಿಆರ್ ಬೇಡ, ಕಾನೂನಿನಂತೆ ಸ್ವಾಧೀನ ಮಾಡಿ, ಹಣ ಕೊಡಿ’ ಎಂದು ಬರೆದುಕೊಡುವ ಹಕ್ಕು ನಿಮಗಿದೆ. ಆಗ 2013ರ ಭೂಸ್ವಾಧೀನ ಕಾಯಿದೆ ಮುಂದೆ ಬರುತ್ತದೆ. ಅದೇ 195 ಚದರಡಿಗೆ, ಅದೇ 8,000 ದರಕ್ಕೆ ಲೆಕ್ಕ ಹಾಕಿ: ಜಾಗದ ಬೆಲೆ 15,60,000. ನಗರದಲ್ಲಿ ಗುಣಾಂಕ 1, ಅಂದರೆ ಆ ಬೆಲೆ ಹಾಗೇ ಉಳಿಯುತ್ತದೆ. ಒಡೆಯುವ ಗೋಡೆ, ಸಂಪು, ಮೆಟ್ಟಿಲು, ಕೊಳವೆಬಾವಿಯ ಬೆಲೆ ಇದಕ್ಕೆ ಸೇರುತ್ತದೆ. ಆ ಒಟ್ಟು ಮೊತ್ತದ ಮೇಲೆ ಶೇ 100 ಸೊಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆ ಸಾಂತ್ವನದ ಹಣ. ಬರೀ ಜಾಗಕ್ಕೇ 31,20,000 ಆಯಿತು. ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯ ದಿನದಿಂದ ಐತೀರ್ಪು (ಪರಿಹಾರ ಗೊತ್ತುಮಾಡುವ ಆದೇಶ) ಅಥವಾ ಸ್ವಾಧೀನ, ಯಾವುದು ಮೊದಲೋ ಅಲ್ಲಿಯವರೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ.

ಇಲ್ಲಿ ದರ 8,000ಕ್ಕೇ ನಿಲ್ಲಬೇಕೆಂದಿಲ್ಲ. 26ನೇ ಕಲಮಿನ ಪ್ರಕಾರ ಮಾರ್ಗಸೂಚಿ ದರ ಒಂದು ಅಳತೆ. ಸುತ್ತಮುತ್ತಲಿನ ಅದೇ ತರಹದ ಜಾಗಗಳ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದು ಸರಾಸರಿ ಹಾಕುವುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚೋ ಅದು. ಆದ್ದರಿಂದ ಬೀದಿಯವರು ಮಾಡಬೇಕಾದ ಮೊದಲ ಕೆಲಸಗಳಲ್ಲಿ ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹತ್ತಿರದ ಕ್ರಯಪತ್ರಗಳ ದೃಢೀಕೃತ ನಕಲು ಎತ್ತಿಡುವುದು. ಇದನ್ನು ಗಡಿಬಿಡಿಯಲ್ಲಿ ಕೊನೆಗೆ ಮಾಡಿದರೆ ಬೇಕಾದ ವರ್ಷದ ಪತ್ರ ಸಿಗುವುದಿಲ್ಲ.

ಈ ಕಾಯಿದೆಯಲ್ಲಿ ಬಹಳ ಜನರ ಕಣ್ಣಿಗೆ ಬೀಳದ ಒಂದು ಕಲಮು ಇದೆ: 94. ಮನೆಯ ಒಂದು ಭಾಗವನ್ನು ಮಾತ್ರ ಸ್ವಾಧೀನ ಮಾಡಲು ಹೊರಟರೆ, ‘ತೆಗೆದುಕೊಳ್ಳುವುದಾದರೆ ಪೂರ್ತಿ ಮನೆ ತೆಗೆದುಕೊಳ್ಳಿ’ ಎಂದು ಮಾಲೀಕ ಹೇಳಬಹುದು. ಆಗ ಬರೀ ಭಾಗವನ್ನು ತೆಗೆದುಕೊಳ್ಳಲು ಬರುವುದಿಲ್ಲ. ಮುಂದಿನ ಕೋಣೆ, ಮೆಟ್ಟಿಲು, ಕಂಬ ಹೋಗಿ ಉಳಿದದ್ದು ಮನೆಯೇ ಅಲ್ಲ ಎನ್ನುವಂತಾಗುವ ಕಡೆ ಇದನ್ನು ಬರೆದುಕೊಡಲೇಬೇಕು. ಬೀದಿಯಲ್ಲಿ ಇಪ್ಪತ್ತು ಮನೆಯವರು ಒಟ್ಟಿಗೆ ಹೀಗೆ ಬರೆದರೆ ಯೋಜನೆಯ ವೆಚ್ಚದ ಅಂದಾಜೇ ತಲೆಕೆಳಗಾಗುತ್ತದೆ. ಘೋಷಣೆ ಕೂಗುವುದಕ್ಕಿಂತ ಇದಕ್ಕೆ ಶಕ್ತಿ ಹೆಚ್ಚು.

ಹಾಗಾದರೆ ಪಾಲಿಕೆ ಯಾಕೆ ಟಿಡಿಆರ್ ಮುಂದೆ ಮಾಡುತ್ತದೆ? ಕಾರಣ ಸರಳ. ಟಿಡಿಆರ್‌ಗೆ ಖಜಾನೆಯಿಂದ ಒಂದು ರೂಪಾಯಿ ಹೊರಡುವುದಿಲ್ಲ, ಅಧಿಸೂಚನೆ, ಅಧ್ಯಯನ, ಐತೀರ್ಪಿನ ಸುತ್ತೂ ಇಲ್ಲ. ಒಬ್ಬೊಬ್ಬರಿಂದ ಸಹಿ ಹಾಕಿಸಿಕೊಂಡರೆ ಆಯಿತು. ಹಣದ ಪರಿಹಾರಕ್ಕೂ ತೊಂದರೆ ಇಲ್ಲದಿಲ್ಲ: ಹಣ ಬರಲು ವರ್ಷಗಳು ಹಿಡಿಯಬಹುದು, ಐತೀರ್ಪು ಕಡಿಮೆಯಾಯಿತೆಂದರೆ 64ನೇ ಕಲಮಿನಡಿ ತಕರಾರು ಹಾಕಬೇಕು. ಐತೀರ್ಪಿನ ದಿನ ಎದುರಿಗಿದ್ದವರಿಗೆ ಅದಕ್ಕೆ ಆರು ವಾರ ಮಾತ್ರ. ಈ ಆರು ವಾರ ತಪ್ಪಿಹೋಗುವುದು ಸುಲಭ.

ಸೇವೆ ಹೇಗಿದೆ: ಕೌಂಟರಿನ ಕಥೆ

ಟಿಡಿಆರ್‌ಗೆ ಒಪ್ಪಿದವರು ಒದಗಿಸಬೇಕಾದ ಕಾಗದ ದಪ್ಪಗಿರುತ್ತದೆ. ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳು, ಋಣಭಾರ ಪತ್ರ, ಖಾತಾ, ಈ ವರ್ಷದ ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಬಿಡುವ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸಿದ ಸರ್ವೆ ಸ್ಕೆಚ್, ಪಿತ್ರಾರ್ಜಿತವಾದರೆ ವಂಶವೃಕ್ಷ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಜಾಗದ ಮೇಲೆ ತಕರಾರಿಲ್ಲವೆಂಬ ಅಫಿಡವಿಟ್. ಎಲ್ಲ ಒಪ್ಪಿತವಾದ ಮೇಲೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ.

ಎಡವುವುದು ಎಲ್ಲಿ? ಮೊದಲನೆಯದು ಸ್ಕೆಚ್. ಕ್ರಯಪತ್ರದಲ್ಲಿ 30×40 ಅಂತಿರುತ್ತದೆ, ನೆಲದ ಮೇಲೆ ಟೇಪು ಹಿಡಿದರೆ 29 ಅಡಿ 4 ಇಂಚು ಬರುತ್ತದೆ, ಪಕ್ಕದವರ ಗೋಡೆ ಎಂಟು ಇಂಚು ಒಳಗೆ ಬಂದಿರುತ್ತದೆ. ಯಾವ ಅಳತೆಯಲ್ಲಿ ಪತ್ರ ಕೊಡಬೇಕು ಎನ್ನುವಲ್ಲಿ ಕಡತ ನಿಲ್ಲುತ್ತದೆ. ಎರಡನೆಯದು ಬ್ಯಾಂಕು. ಅಡವಿಟ್ಟ ಆಸ್ತಿಯ ಒಂದು ಭಾಗವನ್ನು ಹಣವಿಲ್ಲದೆ ಬಿಡಲು ಯಾವ ಬ್ಯಾಂಕೂ ಸುಲಭವಾಗಿ ಒಪ್ಪುವುದಿಲ್ಲ. ಬಿ ಖಾತಾದವರ, ಅಂದರೆ ಪೂರ್ತಿ ಸಕ್ರಮವಾಗದ ಆಸ್ತಿಯವರ ಗತಿ ಇನ್ನೂ ಕಷ್ಟ. ಜಾಗ ಒಡೆಯುವಾಗ ಎ, ಬಿ ಯಾರೂ ನೋಡುವುದಿಲ್ಲ, ಪತ್ರ ಕೊಡುವಾಗ ಮಾತ್ರ ಮಾಲೀಕತ್ವದ ಪ್ರಶ್ನೆ ಏಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮುಂದಿನ ಜಾಗ ಎಲ್ಲ ಫ್ಲ್ಯಾಟಿನವರ ಅವಿಭಜಿತ ಪಾಲು. ಸಂಘದ ಅಧ್ಯಕ್ಷರು ಒಬ್ಬರೇ ಸಹಿ ಹಾಕಿದರೆ ನಿಲ್ಲುವುದಿಲ್ಲ. ಅಮೆರಿಕದಲ್ಲಿರುವ ಮಾಲೀಕರ ಮುಖ್ತಾರುನಾಮೆವರೆಗೂ ಹೋಗುತ್ತದೆ ಕೆಲಸ.

ಇದೆಲ್ಲ ದಾಟಿದ ಮೇಲೂ ಎರಡು ಕಚೇರಿಗಳ ನಡುವೆ ಕಡತ ಓಡಾಡಬೇಕು. ಅಗಲೀಕರಣ ಪಾಲಿಕೆಯದು, ಕಡತ ಕಟ್ಟುವುದು ಪಾಲಿಕೆ. ಪತ್ರ ಹೊರಡುವುದು ಯೋಜನಾ ಪ್ರಾಧಿಕಾರದಿಂದ. ಎತ್ತು ಏರಿಗೆ, ಕೋಣ ನೀರಿಗೆ. ಜೊತೆಗೆ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿವೆ. ಹಳೆಯ ನೋಟಿಸು ಬಿಬಿಎಂಪಿ ಹೆಸರಿನಲ್ಲಿದ್ದರೆ ನಿಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದೆ ನೋಡಿ, ಅಲ್ಲಿನ ಆಯುಕ್ತರಿಗೂ ಪತ್ರ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನಕಲಿ ಸರಕಿನ ಹಾವಳಿಯೂ ಈ ಪೇಟೆಯಲ್ಲಿ ಇದೆ. ಜಾಗದ ಮಾಲೀಕರೇ ಅಲ್ಲದವರ ಹೆಸರಿಗೆ ಪತ್ರ ಹೊರಟ ಆರೋಪದ ಮೇಲೆ 2019ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬೆಂಗಳೂರಿನಲ್ಲಿ ತನಿಖೆ ನಡೆಸಿತು. ಅದಾದ ಮೇಲೆ ಕೊಳ್ಳುವವರು ಸಾಚಾ ಪತ್ರವನ್ನೂ ಹತ್ತು ಸಲ ತಿರುವಿ ನೋಡುತ್ತಾರೆ. ಆ ಎಚ್ಚರಿಕೆಯ ಬೆಲೆಯೂ ಸಣ್ಣ ಮಾಲೀಕನ ತಲೆಯ ಮೇಲೆಯೇ.

ಅದಕ್ಕೇ ಒಂದು ಮಾತು ಗಟ್ಟಿಯಾಗಿ: ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಡಿಆರ್‌ಸಿಯ ಕರಡು ಕೈಯಲ್ಲಿರಬೇಕು. ಅದರಲ್ಲಿ ಎಷ್ಟು ಚದರಡಿ, ಯಾವ ಮಾರ್ಗಸೂಚಿ ದರ, ಒಡೆಯುವ ಕಟ್ಟಡದ ಲೆಕ್ಕ ಏನು, ಎಷ್ಟು ದಿನದೊಳಗೆ ಪತ್ರ ಎನ್ನುವ ನಾಲ್ಕೂ ಬರೆದಿರಬೇಕು. ‘ಮೊದಲು ಗೋಡೆ ಒಡೆಯೋಣ, ಆಮೇಲೆ ಪತ್ರ’ ಅಂದರೆ ಒಪ್ಪಬೇಡಿ. ಒಡೆದ ಗೋಡೆಗೆ ಪುರಾವೆ ಇರುವುದಿಲ್ಲ.

ಮುಂದಿನ ಆರೂವರೆ ಅಡಿಯೊಳಗೆ ಏನಿದೆ

ಜಾಗದ ಬೆಲೆ ಲೆಕ್ಕ ಹಾಕುವವರು ಆ ಪಟ್ಟಿಯೊಳಗೆ ಹೂತಿರುವುದನ್ನು ಮರೆಯುತ್ತಾರೆ. ಬೆಂಗಳೂರಿನ ಸಾಧಾರಣ ಮನೆಯಲ್ಲಿ ಗೇಟು ಮತ್ತು ಬಾಗಿಲ ನಡುವಿನ ನೆಲದಡಿಯಲ್ಲಿ ಸಂಪು ಇರುತ್ತದೆ. ಅದರ ಪಕ್ಕ ಕಾವೇರಿ ನೀರಿನ ಮೀಟರು, ಇನ್ನೊಂದು ಮೂಲೆಯಲ್ಲಿ ಯುಜಿಡಿ (ಒಳಚರಂಡಿ) ಚೇಂಬರು. ಗೋಡೆಗೆ ಬೆಸ್ಕಾಂ ಮೀಟರ್ ಬೋರ್ಡು, ಮೇಲೆ ಹೋಗುವ ಹೊರಮೆಟ್ಟಿಲು, ಕೆಲವು ಕಡೆ ಕೊಳವೆಬಾವಿ. ಮುಂದಿನ ಕಂಬದ ಫುಟಿಂಗ್ (ನೆಲದೊಳಗಿನ ಪಾದ) ಕಂಬಕ್ಕಿಂತ ಒಂದೂವರೆ, ಎರಡು ಅಡಿ ಹೊರಗೆ ಚಾಚಿರುತ್ತದೆ. ಕೆಂಪು ಗೆರೆ ಕಂಬಕ್ಕಿಂತ ಒಂದಡಿ ಹೊರಗೆ ನಿಂತಿದೆ, ಮನೆ ಉಳಿಯಿತು ಅಂದುಕೊಂಡರೆ, ಚರಂಡಿ ತೋಡುವಾಗ ಜೆಸಿಬಿಯ ಹಲ್ಲು ಆ ಫುಟಿಂಗ್ ಅಂಚನ್ನು ಕಚ್ಚುತ್ತದೆ. ಬಿರುಕು ಬೀಳುವುದು ಆಮೇಲಿನ ಮಳೆಗಾಲದಲ್ಲಿ.

ಸಂಪು ಹೋದರೆ ಹೊಸದನ್ನು ಎಲ್ಲಿ ತೋಡುವುದು? ಮನೆಯೊಳಗಿನ ಹಾಲಿನ ಕೆಳಗೆ ತೋಡಲು ಆಗುವುದಿಲ್ಲ. ಯುಜಿಡಿ ಚೇಂಬರ್ ಹಿಂದಕ್ಕೆ ಸರಿದರೆ ಪೈಪಿನ ಇಳಿಜಾರು ಕಡಿಮೆಯಾಗಿ ಕಟ್ಟಿಕೊಳ್ಳುತ್ತದೆ. ಹೊಸ ರಸ್ತೆಯನ್ನು ಹಳೆಯದರ ಮೇಲೇ ಒಂದು ಪದರ ಹಾಕಿ ಎತ್ತರಿಸಿದರಂತೂ ಮಳೆನೀರು ನೇರ ಒಳಕ್ಕೆ. ಆದ್ದರಿಂದ ಜಂಟಿ ಸರ್ವೆ ದಿನ ಇವೆಲ್ಲವನ್ನೂ ಸ್ಕೆಚ್ಚಿನಲ್ಲಿ ಗುರುತು ಹಾಕಿಸಿ, ಅಳತೆ ಸಹಿತ ಫೋಟೋ ತೆಗೆದು, ಮಹಜರಿನಲ್ಲಿ ಬರೆಸಿ. ಟೇಪು ಗೋಡೆಗೆ ತಾಗಿಸಿ ಇಟ್ಟ ಫೋಟೋ ಇದ್ದರೆ ಆಮೇಲೆ ವಾದಕ್ಕೆ ಎಡೆಯಿಲ್ಲ.

ಆ ಪಟ್ಟಿಯಲ್ಲಿ ಬಾಡಿಗೆ ಅಂಗಡಿ ಇದ್ದರೆ ಟಿಡಿಆರ್‌ನಲ್ಲಿ ಬಾಡಿಗೆದಾರನಿಗೆ ಏನೂ ಇಲ್ಲ. 2013ರ ಕಾಯಿದೆಯಲ್ಲಿ ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುತ್ತಿರುವ ಕುಟುಂಬವೂ ಬಾಧಿತ ಕುಟುಂಬವೇ. ಬೀದಿಬದಿಯ ವ್ಯಾಪಾರಿಗಳನ್ನು ಸ್ಥಳಾಂತರಿಸಲು 2014ರ ಕಾಯಿದೆಯಂತೆ 30 ದಿನದ ನೋಟಿಸು ಬೇಕು. ಮನೆ ಮಾಲೀಕರ ಸಂಘ ಇವರನ್ನು ಜೊತೆಗೆ ಸೇರಿಸಿಕೊಳ್ಳದೆ ಹೋರಾಡುವುದು ಮಾಮೂಲಿ ತಪ್ಪು.

ಕೊಟ್ಟದ್ದಕ್ಕೆ ರಸ್ತೆ ಏನು ಕೊಡುತ್ತದೆ

ಸರಕಿನ ಬೆಲೆ ತೂಗುವಾಗ ಅದು ಯಾತಕ್ಕೆ ಎನ್ನುವುದನ್ನೂ ನೋಡಬೇಕಲ್ಲ. ನಗರದ ರಸ್ತೆಯಲ್ಲಿ ಒಂದು ಲೇನಿಗೆ 3.5 ಮೀಟರ್ ಬೇಕು. ಎರಡೂ ಬದಿ ಎರಡೆರಡು ಮೀಟರ್ ತೆಗೆದರೆ ಸಿಗುವುದು ನಾಲ್ಕು. ಹೋಗುವ ದಿಕ್ಕಿಗೆ ಅರ್ಧ ಲೇನು, ಬರುವ ದಿಕ್ಕಿಗೆ ಅರ್ಧ ಲೇನು. ಅರ್ಧ ಲೇನಿನಲ್ಲಿ ಬಸ್ಸು ಓಡುವುದಿಲ್ಲ, ಕಾರು ನಿಲ್ಲುತ್ತದೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮಾನದಂಡದಂತೆ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಬಿಡಬೇಕು ಅಂದರೆ ತೆಗೆದ ಜಾಗ ಅದಕ್ಕೇ ಹೋಯಿತು. ಬಿಡದಿದ್ದರೆ ನಡೆಯುವವರು ರಸ್ತೆಗಿಳಿಯುತ್ತಾರೆ, ವಾಹನದ ವೇಗ ಮತ್ತೆ ಇಳಿಯುತ್ತದೆ.

ದಟ್ಟಣೆ ಹುಟ್ಟುವುದು ಹೆಚ್ಚಾಗಿ ಸಿಗ್ನಲ್ಲಿನಲ್ಲಿ, ರಸ್ತೆಯ ನಡುವೆ ಅಲ್ಲ. ಸಿಗ್ನಲ್ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವ ಸೂತ್ರ: ಸಿಗ್ನಲ್ಲಿಗೆ ಬಂದು ಸೇರುವ ಕಡೆ ರಸ್ತೆಯ ಅಗಲ ಮೀಟರಿನಲ್ಲಿ ಎಷ್ಟೋ ಅದನ್ನು 525ರಿಂದ ಗುಣಿಸಿ. ಅಗಲ 7 ಮೀಟರ್ ಇದ್ದರೆ ಪೂರ್ತಿ ಹಸಿರಿನ ಒಂದು ಗಂಟೆಗೆ 3,675 ಪಿಸಿಯು, ಅಂದರೆ ಕಾರಿನ ಲೆಕ್ಕಕ್ಕೆ ತಂದ ವಾಹನಗಳು. 120 ಸೆಕೆಂಡಿನ ಸುತ್ತಿನಲ್ಲಿ ಹಸಿರು 40 ಸೆಕೆಂಡ್ ಇದ್ದರೆ ದಾಟುವುದು 1,225. ಸಿಗ್ನಲ್ ಬಳಿ ಅಗಲ 7 ಮೀಟರಾಗಿಯೇ ಉಳಿದು, ನಿಮ್ಮ ಮನೆಯ ಮುಂದೆ 9 ಆದರೆ ದಾಟುವ ಸಂಖ್ಯೆ ಅದೇ 1,225. ಅದೇ ಹಸಿರನ್ನು 46 ಸೆಕೆಂಡ್ ಮಾಡಿದರೆ 1,408 ದಾಟುತ್ತವೆ. ಆ ಆರು ಸೆಕೆಂಡನ್ನು ಅಡ್ಡರಸ್ತೆಯಿಂದ ತೆಗೆಯಬೇಕು ನಿಜ, ಆದರೆ ಯಾರ ಸಂಪನ್ನೂ ಒಡೆಯಬೇಕಿಲ್ಲ. ಆಕ್ಷೇಪಣೆ ಬರೆಯುವಾಗ ‘ನಮ್ಮ ಪರಂಪರೆ, ನಮ್ಮ ನೆಮ್ಮದಿ’ ಎನ್ನುವ ಎರಡು ಪುಟಕ್ಕಿಂತ ಈ ಮೂರು ಸಾಲು ಅಧಿಕಾರಿಯನ್ನು ಉತ್ತರ ಕೊಡಲು ಒತ್ತಾಯಿಸುತ್ತದೆ. ಸಿಗ್ನಲ್ ಬಳಿಯೂ ಅಗಲವಾಗುತ್ತದೆ ಎಂದು ಅವರು ತೋರಿಸಿಕೊಟ್ಟರೆ ನಿಮ್ಮ ವಾದ ಸೋತಿತು ಅಂತಲೂ ತಿಳಿದಿರಿ.

ಜಾಗ ತೆಗೆಯದೆ ರಸ್ತೆ ಸುಧಾರಿಸಲು ಆಗುವುದಿಲ್ಲ ಎನ್ನುವವರಿಗೆ ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ, ವಿಠಲ ಮಲ್ಯ ರಸ್ತೆ ತೋರಿಸಿ. ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆಯಲ್ಲಿ ಅಲ್ಲಿ ವಾಹನದ ಭಾಗವನ್ನು ಉದ್ದಕ್ಕೂ ಒಂದೇ ಅಳತೆಗೆ ತಂದು, ಕೇಬಲ್ಲು ಪೈಪುಗಳನ್ನು ಅಗಲ ಕಾಲುದಾರಿಯ ಕೆಳಗೆ ಹಾಕಿದರು. ದುಬಾರಿ ಕೆಲಸ, ಎಲ್ಲ ಬೀದಿಗೂ ಹೊಂದುವುದಿಲ್ಲ. ಆದರೆ ಒಮ್ಮೆ ಅಗಲ, ಒಮ್ಮೆ ಇಕ್ಕಟ್ಟು ಆಗುವ ರಸ್ತೆಗಿಂತ ಉದ್ದಕ್ಕೂ ಒಂದೇ ಅಗಲ ಇರುವ ರಸ್ತೆಯಲ್ಲಿ ವಾಹನ ಹೆಚ್ಚು ಸರಾಗವಾಗಿ ಹರಿಯುತ್ತದೆ.

ಬೇಡ ಅನ್ನುವುದಾದರೆ

ಮೊದಲು ನೋಟಿಸಿನ ಜಾತಿ ನೋಡಿ. ‘ಒತ್ತುವರಿ ತೆರವು’ ಎಂದಿದ್ದರೆ ಅದು ಅಗಲೀಕರಣವೇ ಅಲ್ಲ, ನಿಮ್ಮ ಗೋಡೆ ಈಗಾಗಲೇ ರಸ್ತೆಯಲ್ಲಿದೆ ಎನ್ನುವ ಆರೋಪ. ಅದಕ್ಕೆ ಬಡಾವಣೆ ನಕ್ಷೆ ಸಹಿತ ಜಂಟಿ ಸರ್ವೆ ಕೇಳಿ ಉತ್ತರಿಸಬೇಕು. ಟಿಡಿಆರ್ ಕೊಡಿ ಎಂದು ಕೇಳುತ್ತ ಕೂತರೆ ಗಡುವು ಮುಗಿದಿರುತ್ತದೆ. 14-ಬಿ ಪತ್ರವಾದರೆ ಒಪ್ಪಿಗೆ ಇಲ್ಲ ಎಂದು ಬರೆದರೆ ಸಾಕು, ಆದರೆ ಬರೆಯಲೇಬೇಕು. ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆಯಾದರೆ 15ನೇ ಕಲಮಿನಂತೆ 60 ದಿನದೊಳಗೆ ಆಕ್ಷೇಪಣೆ, ಒಬ್ಬೊಬ್ಬರೂ ಬೇರೆ ಬೇರೆ. ಸಂಘದ ಲೆಟರ್‌ಹೆಡ್ಡಿನಲ್ಲಿ ನೂರು ಸಹಿ ಹಾಕಿದ ಒಂದೇ ಪತ್ರ ಒಂದೇ ಆಕ್ಷೇಪಣೆಯಾಗಿ ಎಣಿಕೆಯಾಗುವ ಅಪಾಯ ಇದೆ. ‘ಖುದ್ದು ವಿಚಾರಣೆ ಕೋರುತ್ತೇನೆ’ ಎನ್ನುವ ಸಾಲು ಬಿಡಬೇಡಿ. ಕೋಲ್ಕತ್ತ ಪಾಲಿಕೆಯ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಆಸ್ತಿ ಕಸಿಯುವ ಮುನ್ನ ನೋಟಿಸು, ವಿಚಾರಣೆ, ಕಾರಣ ಸಹಿತ ಆದೇಶ, ನ್ಯಾಯವಾದ ಪರಿಹಾರ ಮುಂತಾಗಿ ಏಳು ಹಕ್ಕುಗಳನ್ನು ಸಂವಿಧಾನದ 300-ಎ ವಿಧಿಯೊಳಗೆ ಎಣಿಸಿ ಹೇಳಿದೆ. ಆಕ್ಷೇಪಣೆಯ ಕೊನೆಗೆ ಅದನ್ನು ಉಲ್ಲೇಖಿಸಿ.

ಮಾಹಿತಿ ಹಕ್ಕಿನ ಅರ್ಜಿಯೂ ಮೊದಲ ವಾರದಲ್ಲೇ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎನ್ನುವ ಮಿತಿ ಇದೆ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಆ ನೆಪಕ್ಕೇ ವಾಪಸು ಬರುತ್ತದೆ. ಆದ್ದರಿಂದ ವಿಸ್ತೃತ ಯೋಜನಾ ವರದಿಗೆ ಒಂದು, ವಾಹನ ಎಣಿಕೆಗೆ ಒಂದು, ಆಸ್ತಿವಾರು ಅಳತೆಪಟ್ಟಿಗೆ ಒಂದು, ಮರಗಳ ಪಟ್ಟಿಗೆ ಒಂದು. ವಾಹನ ಎಣಿಕೆ ನಡೆದೇ ಇಲ್ಲ ಎನ್ನುವ ಉತ್ತರ ಬಂದರೆ ಅದಕ್ಕಿಂತ ಒಳ್ಳೆಯ ಆಕ್ಷೇಪಣೆ ಬೇಕಿಲ್ಲ.

ಮರಗಳು ಬೇರೆಯೇ ದಾರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಸಾರ್ವಜನಿಕ ನೋಟಿಸು ಹೊರಡಿಸಿ ಆಕ್ಷೇಪಣೆಗೆ 10 ದಿನ ಕೊಡಬೇಕು. ಹಾಗಾಗಿ ಯಾರಾದರೂ ಒಂದೇ ರಸ್ತೆಯನ್ನು 48 ಮರ, 45 ಮರ ಎಂದು ತುಂಡು ಮಾಡಿ ತೋರಿಸಿದ್ದಾರೆಯೇ ಎಂದು ನೀವೇ ಮರ ಎಣಿಸಿ ನೋಡಿ. ಕಾಂಡದ ಸುತ್ತಳತೆ ಎದೆಮಟ್ಟದಲ್ಲಿ ಹಿಡಿಯಬೇಕು, ಬುಡದಲ್ಲಲ್ಲ. ಜಾತಿಯ ಹೆಸರೂ ಬರೆಯಿರಿ. ‘ಇತರೆ’ ಎಂಬ ಕಾಲಮ್ಮಿನಲ್ಲಿ ಎಷ್ಟು ಹೊಂಗೆ, ಎಷ್ಟು ಮಳೆಮರ ಅಡಗಿರುತ್ತವೆ ಎಂದು ಪಟ್ಟಿ ತೆರೆದಾಗ ಗೊತ್ತಾಗುತ್ತದೆ.

ಒಮ್ಮೆ ನಿಂತ ಯೋಜನೆ ಸತ್ತಿತು ಎಂದುಕೊಳ್ಳಬೇಡಿ. ಸ್ಯಾಂಕಿ ಕೆರೆಯ ಪಕ್ಕದ ರಸ್ತೆ 2011ರಲ್ಲಿ ವಿವಾದವಾಗಿ ಹೈಕೋರ್ಟಿನವರೆಗೆ ಹೋಯಿತು. 2023ರಲ್ಲಿ ಮೇಲ್ಸೇತುವೆಯ ಜೊತೆಗೆ ಮತ್ತೆ ಬಂತು, ಮಲ್ಲೇಶ್ವರ, ಸದಾಶಿವನಗರದವರು ಮತ್ತೆ ಬೀದಿಗಿಳಿದರು. ಅವೆನ್ಯೂ ರಸ್ತೆಯ ವರ್ತಕರೂ ಹೀಗೇ ವರ್ಷಗಟ್ಟಲೆ ನಿಂತವರು. ಮಹಾಯೋಜನೆಯ ನಕ್ಷೆಯಲ್ಲಿ ರಸ್ತೆಯ ಅಗಲ ಎಷ್ಟೆಂದು ಬರೆದಿದೆಯೋ ಅದು ಅಳಿಸುವವರೆಗೆ ಕೆಂಪು ಗೆರೆ ಮರಳುತ್ತಲೇ ಇರುತ್ತದೆ. ಹೊಸ ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಕರೆದಾಗ ಆ ಹಾಳೆಯನ್ನು ನೋಡುವುದು ಬಿಟ್ಟು, ಜೆಸಿಬಿ ಬಂದಾಗ ಓಡುವುದು ತಡವಾದ ಕೆಲಸ.

ಯಾರು ತೆಗೆದುಕೊಳ್ಳಬಹುದು, ಯಾರು ಬೇಡ

ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಹೇಗೂ ಹೊರಟಿರುವ ದೊಡ್ಡ ನಿವೇಶನದವರಿಗೆ ಟಿಡಿಆರ್ ಒಳ್ಳೆಯ ವ್ಯವಹಾರ. ರಸ್ತೆ ಅಗಲವಾದ ಮೇಲೆ ಉಳಿದ ಜಾಗಕ್ಕೇ ಹೆಚ್ಚಿನ ಎಫ್‌ಎಆರ್ ಸಿಗಬಹುದು, ಅದರ ಮೇಲೆ ಈ ಹಕ್ಕು. ಅವರಿಗೆ ಐದಕ್ಕೆ ನಾಲ್ಕು ಅಂಕ. ಖಾಲಿ ನಿವೇಶನಕ್ಕೆ ಮೂರು. ವಾಸದ 30×40 ಮನೆಗೆ ಒಂದೂವರೆ, ಅದೂ ಎರಡು ಪಟ್ಟು ಮಾಡಿದ್ದಕ್ಕೆ. 20×30ರ ಮೂಲೆ ಮನೆಯವರಿಗೆ ಎರಡು ಬದಿಯಿಂದಲೂ ಹೋಗುವುದರಿಂದ ಇದರ ತಂಟೆಗೇ ಹೋಗದೆ 94ನೇ ಕಲಮು ಹಿಡಿಯುವುದು ವಾಸಿ. ಅಪಾರ್ಟ್‌ಮೆಂಟಿಗೆ ಅಂಕ ಕೊಡಲಿಕ್ಕೂ ಎಲ್ಲರ ಸಹಿ ಬೇಕು.

ಡಿಆರ್‌ಸಿ ಈಗಾಗಲೇ ಕೈಗೆ ಬಂದವರು ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ. ಭಾಗಶಃ ಬಳಕೆಯಾದಾಗ ಉಳಿಕೆ ಚದರಡಿಯನ್ನು ಮೂಲಪತ್ರದ ಮೇಲೇ ನಮೂದಿಸಬೇಕಾಗಬಹುದು, ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ.